ಒಂದೇ ಎಂ3, ಎರಡು ಎಂಜಿನ್ ಸ್ವಾಪ್: ಎಸ್54 ತೆಗೆದು ಎಲ್ಎಸ್1 ಕೂರಿಸಿದ ಮೇಲೆ

ನನ್ನ 1998ರ ಬಿಎಂಡಬ್ಲ್ಯು ಎಂ3 (ಕಂಪನಿಯ ಒಳಹೆಸರು ಇ36) ಸೆಡಾನ್‌ನ ಬಾನೆಟ್ ಕೆಳಗೆ ಈಗ ಇರುವುದು ಮೂರನೇ ಎಂಜಿನ್. ಕಾರಿನ ಜೊತೆ ಬಂದದ್ದು ಎಸ್52 ಎಂಬ ಆರು ಸಿಲಿಂಡರ್ ಎಂಜಿನ್. ಅದನ್ನು ಇಳಿಸಿ, ಮುಂದಿನ ತಲೆಮಾರಿನ 2002ರ ಇ46 ಎಂ3ಯ ಎಸ್54 ಹಾಕಿದೆ, ಅದೂ ಆರು ಸಿಲಿಂಡರ್. ಎರಡು ಬೇಸಿಗೆ ಓಡಿಸಿ ಅದನ್ನೂ ಇಳಿಸಿದೆ. ಈಗ ಕೂತಿರುವುದು 2002ರ ಶೆವರ್ಲೆ ಕಮಾರೊದ 5.7 ಲೀಟರ್ ವಿ8, ಅಂದರೆ ಎಲ್ಎಸ್1. ಜೊತೆಗೆ ಅದರದೇ ಆರು ಗೇರಿನ ಟಿ56 ಗೇರ್‌ಬಾಕ್ಸ್.

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಎಲ್ಎಸ್1 ಕಡೆಗೆ. ಎಸ್54 ಕೆಟ್ಟ ಎಂಜಿನ್ ಅಂತ ಅಲ್ಲ. ಅದರಷ್ಟು ಚಂದದ ಎಂಜಿನ್ ನಾನು ಇನ್ನೊಂದು ಓಡಿಸಿಲ್ಲ. ಆದರೆ ನನ್ನ ಓಡಾಟಕ್ಕೂ ಜೇಬಿಗೂ ಅದು ಹೊಂದಲಿಲ್ಲ.

ಓಡಾಟ ಎಂಥದ್ದು ಅಂತ ಹೇಳಬೇಕು. ನಾನಿರುವುದು ಮಿಶಿಗನ್ನಿನ ಟ್ರಾಯ್ ಊರಿನಲ್ಲಿ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಆಫೀಸಿಗೆ ಹೋಗಿಬರುವುದು ಈ ಕಾರಿನಲ್ಲೇ, ದಿನಕ್ಕೆ 44 ಮೈಲಿ. ವರ್ಷಕ್ಕೆ ಎರಡು ಸಲ ಸೌತ್ ಹೇವನ್‌ನ ಗಿಂಜರ್‌ಮ್ಯಾನ್ ಟ್ರ್ಯಾಕ್‌ಗೆ ಹೋಗುತ್ತೇನೆ. ಹಿಮ ಬಿದ್ದು ರಸ್ತೆಗೆ ಉಪ್ಪು ಸುರಿಯಲು ಶುರು ಮಾಡಿದರೆ ಕಾರು ಗ್ಯಾರೇಜ್ ಒಳಗೆ. ಬಿಚ್ಚುವುದು, ಜೋಡಿಸುವುದು ಎಲ್ಲ ಆ ನಾಲ್ಕೈದು ತಿಂಗಳಲ್ಲೇ ಮುಗಿಯಬೇಕು.

ಎಸ್54 ಆರಿಸಿದ್ದಕ್ಕೆ ಒಳ್ಳೆಯ ಕಾರಣ ಇತ್ತು. ಅದು ಇದೇ ಮನೆತನದ ಎಂಜಿನ್. ಇ36ರ ನೆಂಟನಾದ ಝಡ್3ಯಿಂದ ಹುಟ್ಟಿದ ಎಂ ಕೂಪೆಗೆ 2001, 2002ರಲ್ಲಿ ಬಿಎಂಡಬ್ಲ್ಯುವೇ ಎಸ್54 ಹಾಕಿ ಮಾರಿತ್ತು. ಎಲ್ಲಿಯೂ ಕತ್ತರಿಸುವ ಕೆಲಸ ಬರುವುದಿಲ್ಲ. 240 ಕುದುರೆಶಕ್ತಿ ಇದ್ದಲ್ಲಿ 333 ಬರುತ್ತದೆ. ಎಂಟು ಸಾವಿರ ಆರ್‌ಪಿಎಂ ತನಕ ಏರುತ್ತದೆ. ಆರು ಥ್ರಾಟಲ್ ಒಟ್ಟಿಗೆ ತೆರೆದಾಗ ಬರುವ ಆ ಸದ್ದು ಈಗಲೂ ಕಿವಿಯಲ್ಲಿದೆ.

ತಪ್ಪಾಗಿದ್ದು ಕೊಳ್ಳುವಾಗ. 2001ರಿಂದ 2003ರವರೆಗಿನ ಎಸ್54ಗಳ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳನ್ನು ಬಿಎಂಡಬ್ಲ್ಯು ಆಗ ತಾನಾಗಿಯೇ ಮುಂದೆ ಬಂದು ಬದಲಾಯಿಸಿಕೊಟ್ಟಿತ್ತು. ಹಾಗಾಗಿ ಹಳೆಯ ಎಸ್54 ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಯೇ ಅದು. ನಾನೂ ಕೇಳಿದೆ. ಗುಜರಿಯವನು “ಎಲ್ಲ ಆಗಿದೆ” ಅಂದ. ಬಿಲ್ ಕೇಳಿದೆ, ಕಳಿಸುತ್ತೇನೆ ಅಂದ. ಬಿಲ್ ಬರುವ ಮೊದಲೇ ದುಡ್ಡು ಕೊಟ್ಟುಬಿಟ್ಟೆ. ಮೊದಲ ಬೇಸಿಗೆ ಮುಗಿದ ಮೇಲೆ ಹಳೆಯ ಆಯಿಲ್ ಅನ್ನು ಲ್ಯಾಬಿಗೆ ಕಳಿಸಿದೆ. ಸೀಸ, ತಾಮ್ರ ಎರಡೂ ಜಾಸ್ತಿ ಬಂತು, ಅಂದರೆ ಬೇರಿಂಗ್ ಸವೆಯುತ್ತಿದೆ. ಆಯಿಲ್ ಪ್ಯಾನ್ ಇಳಿಸಿ ನೋಡಿದರೆ ಎರಡು ಬೇರಿಂಗ್ ಶೆಲ್‌ಗಳಲ್ಲಿ ತಾಮ್ರ ಕಾಣುತ್ತಿತ್ತು. ಅಷ್ಟು ದಿನ ಓಡಿದ್ದೇ ಪುಣ್ಯ. ಹೊಸ ಶೆಲ್, ಹೊಸ ಬೋಲ್ಟ್, ಕೂಲಿ, ಅದರ ಜೊತೆಗೆ ವಾಲ್ವ್ ತೆರೆಯುವ ಸಮಯ ಹೊಂದಿಸುವ ವ್ಯಾನೋಸ್‌ನ ರಿಪೇರಿ ಎಲ್ಲ ಸೇರಿ 2,300 ಡಾಲರ್ ಹೋಯಿತು.

ಅದಾದ ಮೇಲೆ ಎಂಜಿನ್ ಸರಿಯಾಗಿತ್ತು. ಸರಿಯಾಗದಿದ್ದದ್ದು ನನ್ನ ಮನಸ್ಸು. ಟ್ರ್ಯಾಕ್‌ನಲ್ಲಿ ಏಳು ಸಾವಿರ ದಾಟಿದರೆ ಕಿವಿ ಸುಮ್ನೆ ಸದ್ದು ಹುಡುಕುತ್ತಿತ್ತು. ಅದಕ್ಕೆ ಬೇಕಾದ 10ಡಬ್ಲ್ಯು-60 ಆಯಿಲ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಟ್ಯಾಪೆಟ್ ಸೆಟ್ಟಿಂಗ್ ಅಂದರೆ 24 ವಾಲ್ವ್‌ಗೂ ಒಂದೊಂದಾಗಿ ಶಿಮ್ (ತೆಳು ಬಿಲ್ಲೆ) ಅಳೆದು ಹಾಕಬೇಕು. ಎಲ್ಎಸ್1ಗೆ ಹೈಡ್ರಾಲಿಕ್ ಲಿಫ್ಟರ್, ಆ ಕೆಲಸವೇ ಇಲ್ಲ. ಆಯಿಲ್ ಮಾಮೂಲಿ 5ಡಬ್ಲ್ಯು-30.

ಎಲ್ಎಸ್1 ಬಗ್ಗೆ ಎಲ್ಲರೂ ಮೊದಲು ಹೇಳುವುದು “ವಿ8 ಅಲ್ವಾ, ಮುಂದೆ ಭಾರ ಆಗುತ್ತೆ” ಅಂತ. ಅಷ್ಟೇನೂ ಆಗುವುದಿಲ್ಲ. ಎಲ್ಎಸ್1ರ ಬ್ಲಾಕ್ ಅಲ್ಯೂಮಿನಿಯಂ. ಎಸ್52, ಎಸ್54 ಎರಡರದ್ದೂ ಕಬ್ಬಿಣ. ಕ್ಯಾಮ್‌ಶಾಫ್ಟ್ ಬ್ಲಾಕ್ ಒಳಗೇ ಇರುವುದರಿಂದ ಸಿಲಿಂಡರ್ ಹೆಡ್‌ಗಳು ಚಿಕ್ಕವು, ಎಂಜಿನ್ ಗಿಡ್ಡ. ನಾಲ್ಕೂ ಚಕ್ರದ ಕೆಳಗೆ ತಕ್ಕಡಿ ಇಟ್ಟು ನೋಡಿದೆ. ಎಸ್54 ಇದ್ದಾಗಿನದಕ್ಕಿಂತ ಮುಂದಿನ ಚಕ್ರಗಳ ಮೇಲೆ ಹತ್ತಿರ ಹತ್ತಿರ 15 ಕೆಜಿ ಜಾಸ್ತಿ, ಅಷ್ಟೇ.

ಕಾಗದದ ಮೇಲೆ ನೋಡಿದರೆ ನಾನು ಕಳೆದುಕೊಂಡಿದ್ದೇನೆ. 2002ರ ಕಮಾರೊ ಝಡ್28ಕ್ಕೆ ಕಂಪನಿ ಹೇಳಿದ ಶಕ್ತಿ 310 ಕುದುರೆ. ಎಸ್54ಗಿಂತ 23 ಕಡಿಮೆ. ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ನೋಡಿ. ಎಸ್54ದು 262 ಪೌಂಡ್ ಅಡಿ, ಎಲ್ಎಸ್1ದು 340. ಅದೂ ನಾಲ್ಕು ಸಾವಿರ ಆರ್‌ಪಿಎಂನಲ್ಲೇ. ಆಫೀಸಿಗೆ ಹೋಗುವ ದಾರಿಯಲ್ಲಿ ನಾನು ಎಂಟು ಸಾವಿರಕ್ಕೆ ಏರಿಸುವುದು ಯಾವಾಗ? ಎರಡು ಸಾವಿರದಲ್ಲಿ ಸುಮ್ನೆ ಕಾಲಿಟ್ಟರೆ ಕಾರು ಹೊರಡುತ್ತದೆ. ಅದೇ ನನಗೆ ಬೇಕಾಗಿದ್ದು.

ಈಗ ತಲೆನೋವಿನ ವಿಷಯಕ್ಕೆ ಬರುತ್ತೇನೆ. ಇ36ಗೆ ಎಲ್ಎಸ್ ಹಾಕಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಟೀರಿಂಗ್ ಶಾಫ್ಟ್.

ಬಿಎಂಡಬ್ಲ್ಯುದ ಈ ಆರು ಸಿಲಿಂಡರ್ ಎಂಜಿನ್ ನೆಟ್ಟಗೆ ನಿಂತಿರುವುದಿಲ್ಲ. 30 ಡಿಗ್ರಿ ಬಲಕ್ಕೆ ವಾಲಿಕೊಂಡಿರುತ್ತದೆ. ಹೊಗೆಯ ಪೈಪ್‌ಗಳೆಲ್ಲ ಬಲಗಡೆ. ಎಡಗಡೆ ಗಾಳಿ ಒಳಗೆ ಹೋಗುವ ಜಾಗ, ತಣ್ಣಗಿರುತ್ತದೆ. ಅಮೆರಿಕದ ಕಾರಿಗೆ ಸ್ಟೀರಿಂಗೂ ಎಡಗಡೆಯೇ. ಹಾಗಾಗಿ ಶಾಫ್ಟ್ ಆರಾಮಾಗಿ ತಣ್ಣಗಿನ ಕಡೆಯಿಂದ ಇಳಿದು ಚಕ್ರ ತಿರುಗಿಸುವ ರ‍್ಯಾಕ್ ಸೇರುತ್ತದೆ. ವಿ8 ಕೂರಿಸಿದ ಕೂಡಲೇ ಆ ಲೆಕ್ಕ ತಪ್ಪುತ್ತದೆ. ವಿ8ಗೆ ಎರಡೂ ಕಡೆ ಬೆಂಕಿ. ಎಡ ಸಾಲಿನ 1, 3, 5, 7ನೇ ಸಿಲಿಂಡರ್‌ಗಳ ಪೈಪ್‌ಗಳು ಇಳಿಯಬೇಕಾದ ಜಾಗದಲ್ಲೇ ಸ್ಟೀರಿಂಗ್ ಶಾಫ್ಟ್ ಇದೆ.

ನಾನು ತರಿಸಿದ ಹೆಡರ್, ಅಂದರೆ ಹೊಗೆಯ ಪೈಪ್‌ಗಳ ಜೋಡಣೆ, ಇದೇ ಕಾರಿಗೆ ಅಂತ ಮಾಡಿದ್ದು. ಕೂರಿಸಿದಾಗ ಐದನೇ ಸಿಲಿಂಡರ್‌ನ ಪೈಪ್‌ಗೂ ಶಾಫ್ಟ್‌ಗೂ ನಡುವೆ ಮೂರು ಮಿಲಿಮೀಟರ್ ಇತ್ತು. ತಾಗುವುದಿಲ್ಲವಲ್ಲ ಅಂತ ಮುಂದೆ ಹೋದೆ. ಎಂಜಿನ್ ನಿಂತಲ್ಲೇ ನಿಲ್ಲುವ ವಸ್ತು ಅಲ್ಲ. ಎಕ್ಸಿಲರೇಟರ್ ಒತ್ತಿದರೆ ಅದರ ಎಡಭಾಗ ಮೇಲೇಳುತ್ತದೆ, ಬಿಟ್ಟರೆ ಕೆಳಗೆ ಕೂರುತ್ತದೆ. ನನ್ನ ಕಾರಿನಲ್ಲಿ ಕೂರುವಾಗಲೆಲ್ಲ “ಟಕ್”.

ಆ ಟಕ್ ಎಲ್ಲಿಂದ ಅಂತ ಹುಡುಕಲು ಐದು ವಾರ ಬೇಕಾಯಿತು. ಕ್ಲಚ್ ರಿಲೀಸ್ ಬೇರಿಂಗ್ ಇರಬೇಕು ಅಂತ ಗೇರ್‌ಬಾಕ್ಸ್ ಇಳಿಸಿದೆ. ಟಿ56 ಒಬ್ಬರೇ ಇಳಿಸುವ ತೂಕದ್ದಲ್ಲ. ಎರಡು ವಾರಾಂತ್ಯ ಹೋಯಿತು, ಸದ್ದು ಹೋಗಲಿಲ್ಲ. ಹೊಸದಾಗಿ ಮಾಡಿಸಿದ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಅಳೆದೆ, ಸರಿ ಇತ್ತು. ಡಿಫರೆನ್ಶಿಯಲ್ ಬುಷ್ ಬದಲಾಯಿಸಿದೆ, ಅದೂ ಅಲ್ಲ. ಕೊನೆಗೆ ನೋವಿಯಲ್ಲಿರುವ ಮಂಗಳೂರಿನ ಗೆಳೆಯನ ಕೈಗೆ ಕಾರು ಕೊಟ್ಟೆ. ಅರ್ಧ ಮೈಲಿ ಹೋಗಿಲ್ಲ, “ಮಾರಾಯಾ, ಇದು ಹಿಂದಿನದ್ದಲ್ಲ. ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗ್ತಾ ಉಂಟು” ಅಂದ. ಜಾಕ್ ಹಾಕಿ ಟಾರ್ಚ್ ಬಿಟ್ಟು ನೋಡಿದೆವು. ಶಾಫ್ಟ್ ಮೇಲೆ ಉಗುರಿನಷ್ಟು ಅಗಲ ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕಿಂತ ಭಯ ಆದದ್ದು ಶಾಫ್ಟ್ ನಡುವಿನ ರಬ್ಬರ್ ಡಿಸ್ಕ್ ನೋಡಿ. ಬಿಸಿಗೆ ಒಣಗಿ ಬಿರುಕು ಬಿಟ್ಟಿತ್ತು. ಅದು ಹರಿದಿದ್ದರೆ ಸ್ಟೀರಿಂಗ್ ಕೈಗೆ ಸರಿಯಾಗಿ ಸಿಗುತ್ತಿರಲಿಲ್ಲ. ಆವತ್ತಿನಿಂದ ಸರಿಯಾಗುವ ತನಕ ಕಾರು ಹೊರಗೆ ತೆಗೆಯಲಿಲ್ಲ.

ರಬ್ಬರ್ ಡಿಸ್ಕ್ ತೆಗೆದು ಎರಡು ಯೂನಿವರ್ಸಲ್ ಜಾಯಿಂಟ್ ಇರುವ ತೆಳ್ಳಗಿನ ಶಾಫ್ಟ್ ಹಾಕಿದೆ. ಅಲ್ಲೂ ಒಂದು ಪಾಠ ಆಯಿತು. ಅದು ಹಲ್ಲಿನ ಶಾಫ್ಟ್, ಹೇಗೆ ಬೇಕಾದರೂ ಕೂರುತ್ತದೆ. ಎರಡೂ ಜಾಯಿಂಟ್‌ಗಳ ಯೋಕ್ (ಕವಲು) ಒಂದೇ ಸಾಲಿಗೆ ಬರಬೇಕು. ನಾನು ಮೊದಲ ಸಲ ಹಾಕಿದಾಗ ಸಾಲು ತಪ್ಪಿತ್ತು. ಸ್ಟೀರಿಂಗ್ ತಿರುಗಿಸಿದರೆ ಒಂದು ಕಡೆ ಹಗುರ, ಕಾಲು ಸುತ್ತು ಆದಮೇಲೆ ಬಿಗಿ, ಮತ್ತೆ ಹಗುರ. ಬಿಚ್ಚಿ ಸಾಲು ಮಾಡಿ ಹಾಕಿದ ಮೇಲೆ ಬೆಣ್ಣೆಯ ಹಾಗಾಯಿತು. ಆಮೇಲೆ ಐದನೇ ಪೈಪ್ ಕತ್ತರಿಸಿ, ಒಳಕ್ಕೆ ಬಾಗಿಸಿ, ಮತ್ತೆ ವೆಲ್ಡ್ ಮಾಡಿಸಿದೆ. ಮೆತ್ತನೆ ರಬ್ಬರ್ ಎಂಜಿನ್ ಮೌಂಟ್ ಬದಲು ಪಾಲಿಯುರೆಥೇನ್ ಹಾಕಿದೆ. ಶಾಫ್ಟ್‌ಗೆ ಬಿಸಿ ತಡೆಯುವ ತೋಳು ತೊಡಿಸಿದೆ. ಈಗ ನಡುವೆ 12 ಮಿಲಿಮೀಟರ್ ಇದೆ. ಎಲ್ಲಕ್ಕೂ 430 ಡಾಲರ್. ಎಂಜಿನ್ ಕೂರಿಸುವ ಮೊದಲೇ ಮಾಡಿದ್ದರೆ ಒಂದು ಶನಿವಾರದ ಕೆಲಸ.

ಎಸ್54ಗೆ ಈ ಗೋಳು ಒಂದೂ ಇಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಇ46ರ ಎಲೆಕ್ಟ್ರಾನಿಕ್ ಎಕ್ಸಿಲರೇಟರ್ ಪೆಡಲ್ ಬೇಕು, ಕಳ್ಳತನ ತಡೆಯುವ ಇಡಬ್ಲ್ಯುಎಸ್ ಹೊಂದಾಣಿಕೆ ಆಗಬೇಕು. ಕಮಾರೊದ ಎಲ್ಎಸ್1ಗೆ ಎಕ್ಸಿಲರೇಟರ್ ಕೇಬಲ್ಲೇ.

ಸ್ಪೀಡೋಮೀಟರ್ ತಾನಾಗಿಯೇ ಕೆಲಸ ಮಾಡಿತು. ಇ36ರಲ್ಲಿ ಅದರ ಸಿಗ್ನಲ್ ಬರುವುದು ಡಿಫರೆನ್ಶಿಯಲ್‌ನಿಂದ. ಟ್ಯಾಕೋಮೀಟರ್ ಮಾತ್ರ ಆರು ಸಿಲಿಂಡರ್ ಅಂದುಕೊಂಡು ತಪ್ಪು ತೋರಿಸುತ್ತದೆ, ನಡುವೆ ಒಂದು ಅಡಾಪ್ಟರ್ ಬೇಕು.

ಬ್ರೇಕ್ ಬೂಸ್ಟರ್ ಪಕ್ಕ ಜಾಗ ಬಹಳ ಕಮ್ಮಿ. ಎಸಿ ಹೋಸ್ ಹೊಸದಾಗಿ ಮಾಡಿಸಬೇಕು. ಹಿಂದಿನ ಸಬ್‌ಫ್ರೇಮ್ ಮೌಂಟ್‌ಗಳಿಗೆ ಪ್ಲೇಟ್ ವೆಲ್ಡ್ ಮಾಡಿಸಿ, ಯಾವ ಎಂಜಿನ್ ಹಾಕಿದರೂ.

ಗೇರ್‌ಬಾಕ್ಸ್‌ನಲ್ಲಿ ನನ್ನ ತೀರ್ಮಾನ ಇನ್ನೂ ಗಟ್ಟಿಯಾಯಿತು. ಗೇರ್ ಬದಲಾಯಿಸುವ ಸುಖ ಕೇಳಿದರೆ ಎಸ್54 ಜೊತೆ ಬಂದ ಗೆಟ್ರಾಗ್ ಆರು ಗೇರಿನದೇ ಮೇಲು. ಟಿ56 ಗಡಸು, ತಣ್ಣಗಿದ್ದಾಗ ಎರಡನೇ ಗೇರಿಗೆ ಬೇಗ ಹೋಗುವುದಿಲ್ಲ. ಆದರೆ ಗೆಟ್ರಾಗ್‌ನ ಆರನೇ ಗೇರಿನ ಅನುಪಾತ 0.83, ಟಿ56ದು 0.50. ಡಿಫರೆನ್ಶಿಯಲ್ ಎರಡಕ್ಕೂ ನನ್ನ ಕಾರಿನ ಹಳೆಯ 3.23. ಹೈವೇಯಲ್ಲಿ 70 ಮೈಲಿ ವೇಗಕ್ಕೆ ಗೆಟ್ರಾಗ್‌ನಲ್ಲಿ ಎಂಜಿನ್ 2,500 ತಿರುಗುತ್ತಿತ್ತು. ಟಿ56ರಲ್ಲಿ 1,500. ಗಂಟೆಗಟ್ಟಲೆ ಓಡಿಸಿ ಗಿಂಜರ್‌ಮ್ಯಾನ್ ತಲುಪುವಾಗ ತಲೆ ಹಗುರವಾಗಿರುತ್ತದೆ, ಪೆಟ್ರೋಲ್ ಕೂಡ ಕಮ್ಮಿ ಕುಡಿದಿರುತ್ತದೆ.

ಎಸ್52ಗೇ ಟರ್ಬೊ ಹಾಕುವ ದಾರಿಯೂ ಇದೆ. ನಾನು ಮಾಡಿಲ್ಲ, ಹಾಗಾಗಿ ಹೇಳುವುದಿಲ್ಲ.

ದುಡ್ಡಿನ ಲೆಕ್ಕ ಇಷ್ಟು. ಎಲ್ಎಸ್1, ಟಿ56, ವೈರಿಂಗ್, ಕಂಪ್ಯೂಟರ್ ಎಲ್ಲ ಒಂದೇ ಅಪಘಾತದ ಕಾರಿನಿಂದ 4,600 ಡಾಲರ್‌ಗೆ ಬಂತು. ಮೌಂಟ್, ಹೆಡರ್, ಆಯಿಲ್ ಪ್ಯಾನ್, ಕ್ಲಚ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್‌ಗೆ 5,200. ಸ್ಟೀರಿಂಗ್ ಸೇರಿಸಿದರೆ 10,230. ಎಸ್54ಗೆ ಬೇರಿಂಗ್ ಸೇರಿ 11,400 ಆಗಿತ್ತು. ಮಾರಿದಾಗ 5,900 ವಾಪಸ್ ಬಂತು. ಕೊಂಡವರಿಗೆ ಬೇರಿಂಗ್ ಬಿಲ್, ಲ್ಯಾಬ್ ವರದಿ ಎರಡನ್ನೂ ಕೈಗೆ ಕೊಟ್ಟೇ ಎಂಜಿನ್ ಏರಿಸಿದೆ.

ಕಾನೂನಿನ ಮಾತು. ಮಿಶಿಗನ್ನಿನಲ್ಲಿ ಸ್ವಂತ ಕಾರಿಗೆ ಹೊಗೆ ತಪಾಸಣೆ ಇಲ್ಲ, ಅದಕ್ಕೇ ಇದೆಲ್ಲ ಸುಲಭ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ಹಾಕುವ ಎಂಜಿನ್ ಕಾರಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಹೊಗೆ ತಡೆಯುವ ಅದರ ಎಲ್ಲ ಸಾಮಾನೂ ಜೊತೆಗಿರಬೇಕು, ಅಲ್ಲಿನ ಅಧಿಕೃತ ತಪಾಸಕ, ಅಂದರೆ ರೆಫರಿ, ನೋಡಿ ಒಪ್ಪಬೇಕು. ಬೆಂಗಳೂರಿನಿಂದ ನನ್ನ ಭಾಮೈದ “ಭಾವ, ಇಲ್ಲೂ ಮಾಡಿಸಬಹುದಾ?” ಅಂತ ಕೇಳಿದ. ಬೇಡ ಅಂದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ವರೂಪದಿಂದ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಆರ್‌ಸಿಯ ಎಂಜಿನ್ ನಂಬರ್‌ಗೂ ಗಾಡಿಗೂ ತಾಳೆಯಾಗದಿದ್ದರೆ ಇನ್ಶೂರೆನ್ಸ್ ತೊಂದರೆಯೂ ಬರುತ್ತದೆ.

ವರ್ಷಕ್ಕೆ ಎರಡು ಮೂರು ಸಾವಿರ ಮೈಲಿ ಮಾತ್ರ ಓಡಿಸುವವರು, ಟ್ಯಾಪೆಟ್ ಸೆಟ್ಟಿಂಗ್ ಕೈಯಾರೆ ಮಾಡಿ ಖುಷಿಪಡುವವರು ಎಸ್54 ಹಾಕಿ. ಬೇರಿಂಗ್ ಬಿಲ್ ಕೈಗೆ ಬಂದ ಮೇಲೆ ದುಡ್ಡು ಕೊಡಿ. ನನ್ನ ಹಾಗೆ ದಿನಾ ಆಫೀಸಿಗೆ ಹೋಗಿ, ಭಾನುವಾರ ಟ್ರ್ಯಾಕ್‌ಗೆ ಹೋಗಿ, ಸೋಮವಾರ ಮತ್ತೆ ಅದೇ ಕಾರಿನಲ್ಲಿ ಆಫೀಸಿಗೆ ಹೋಗಬೇಕಾದವರಿಗೆ ಎಲ್ಎಸ್1. ಒಂದು ಸೆನ್ಸರ್ ಕೆಟ್ಟರೆ ಮನೆ ಹತ್ತಿರದ ಅಂಗಡಿಯಲ್ಲೇ ಸಂಜೆಯೊಳಗೆ ಸಿಗುತ್ತದೆ.

ಮೊದಲಿನ ಎಸ್52 ಮಾರಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಲ್ ಹೊದ್ದು ಕೂತಿದೆ. ತಿಂಗಳಿಗೊಮ್ಮೆ ಸಿಲಿಂಡರ್‌ಗಳಿಗೆ ಸ್ವಲ್ಪ ಆಯಿಲ್ ಬಿಟ್ಟು ಕೈಯಲ್ಲೇ ಎರಡು ಸುತ್ತು ತಿರುಗಿಸುತ್ತೇನೆ.