ಒಂದೇ ಸಮಸ್ಯೆ, ಮೂರು ಬಗೆಯ ಉತ್ತರ: ಕಾನೂನು ಪರೀಕ್ಷೆಗೆ ಯಾವುದು ಒಗ್ಗುತ್ತದೆ?

ಕಾನೂನು ವಿದ್ಯಾರ್ಥಿಗಳಿಗೆ ಸಮಸ್ಯಾ ಪ್ರಶ್ನೆ ಎದುರಾದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಐರ್ಯಾಕ್ ಪ್ರಕಾರ ಬರೆಯಿರಿ. ಮೊದಲು ವಿವಾದಾಂಶ, ನಂತರ ನಿಯಮ, ಆಮೇಲೆ ಅನ್ವಯ, ಕೊನೆಗೆ ತೀರ್ಮಾನ. ಇದಕ್ಕೆ ಪ್ರತಿಸ್ಪರ್ಧಿಗಳು ಎರಡು. ತೀರ್ಮಾನವನ್ನೇ ಮೊದಲ ಸಾಲಿನಲ್ಲಿ ಹೇಳಿ ಆಮೇಲೆ ಸಮರ್ಥಿಸುವುದು ಒಂದು. ಜರ್ಮನಿಯ ಕಾನೂನು ಶಾಲೆಗಳಲ್ಲಿ ಕಲಿಸುವ ‘ಯಾರಿಗೆ, ಯಾರಿಂದ, ಏನು ಬೇಕು, ಯಾವ ಆಧಾರದ ಮೇಲೆ’ ಎಂಬ ಪ್ರಶ್ನೆಯಿಂದ ಹೊರಡುವುದು ಇನ್ನೊಂದು. ಮೂರನ್ನೂ ಒಂದೇ ಸಮಸ್ಯೆಯ ಮೇಲೆ, ಪರೀಕ್ಷೆಯಲ್ಲಿ ಸಿಗುವಷ್ಟೇ ಸಮಯ ಇಟ್ಟುಕೊಂಡು ಬರೆದು ನೋಡಿದೆ.

ಸಮಸ್ಯೆ ಹೀಗಿದೆ. ತನ್ನ ಸ್ಕೂಟರನ್ನು ಮಾರುವುದಾಗಿ ಶಂಕರ, ಮುಂದಿನ ತಿಂಗಳು ಹದಿನೆಂಟು ತುಂಬಲಿರುವ ಅರುಣನಿಗೆ ಪತ್ರ ಬರೆಯುತ್ತಾನೆ. ಸೋಮವಾರ ಬೆಳಿಗ್ಗೆ ಅರುಣ ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕುತ್ತಾನೆ. ಅಂದು ಮಧ್ಯಾಹ್ನ ಶಂಕರ ಮನಸ್ಸು ಬದಲಿಸಿ, ಪ್ರಸ್ತಾವವನ್ನು ಹಿಂತೆಗೆದುಕೊಂಡಿದ್ದೇನೆ ಎಂಬ ಪತ್ರವನ್ನು ಅಂಚೆಗೆ ಹಾಕುತ್ತಾನೆ. ಸಂಜೆ ಅದೇ ಸ್ಕೂಟರನ್ನು, ಈ ವ್ಯವಹಾರದ ಸುಳಿವೇ ಇಲ್ಲದ ವಿಮಲಾಳಿಗೆ ಮಾರಿ ಕೈಗೆ ಒಪ್ಪಿಸುತ್ತಾನೆ. ಎರಡೂ ಪತ್ರಗಳು ಬುಧವಾರ ತಲುಪುತ್ತವೆ. ಅರುಣನಿಗೆ ಸಲಹೆ ನೀಡಿ.

ತೀರ್ಮಾನ ಮೊದಲು ಬರೆಯುವ ವಿಧಾನ ಓದಲು ಬಲು ಚೆನ್ನ. ‘ಅರುಣ ಅಪ್ರಾಪ್ತ, ಕರಾರೇ ಇಲ್ಲ’ ಎಂದು ಒಂದೇ ಏಟಿಗೆ ಮುಗಿಯುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ಕಲಂ 11 ಮತ್ತು ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಆಳ್ವಿಕೆಯ ಕಾಲದ ಅತ್ಯುನ್ನತ ಮೇಲ್ಮನವಿ ಪೀಠ) ನೀಡಿದ ತೀರ್ಪು ಬೆಂಬಲಕ್ಕೆ ನಿಲ್ಲುತ್ತವೆ: ಅಪ್ರಾಪ್ತರೊಂದಿಗಿನ ಒಪ್ಪಂದ ಆರಂಭದಿಂದಲೇ ಶೂನ್ಯ. ತೊಂದರೆ ಇರುವುದೂ ಅಲ್ಲೇ. ಕರಾರಿಲ್ಲ ಎಂದು ಮೊದಲ ಸಾಲಿನಲ್ಲೇ ಸಾರಿದ ಮೇಲೆ ಅಂಚೆಯ ಗೊಡವೆ ಯಾಕೆ? ಪತ್ರಗಳ ಬಗ್ಗೆ ಬರೆಯಲು ಹೊರಟರೆ ಪೆನ್ನೇ ಹಿಂಜರಿಯುತ್ತದೆ. ಆದರೆ ಪ್ರಶ್ನೆ ತಯಾರಿಸಿದವರು ಸೋಮವಾರ, ಮಧ್ಯಾಹ್ನ, ಬುಧವಾರ ಎಂದೆಲ್ಲ ಸುಮ್ಮನೆ ಪೋಣಿಸಿರುವುದಿಲ್ಲ. ಅಂಕಗಳು ಅಲ್ಲಿವೆ. ಕಕ್ಷಿದಾರರಿಗೆ ಬರೆಯುವ ಅಭಿಪ್ರಾಯ ಪತ್ರಕ್ಕೆ ನಾನು ಈ ವಿಧಾನವನ್ನೇ ಆರಿಸುತ್ತೇನೆ. ಉತ್ತರ ಪತ್ರಿಕೆಗೆ ಬೇಡ.

ಐರ್ಯಾಕ್ ಹಾಗೆ ಕೈಕೊಡುವುದಿಲ್ಲ. ವಿವಾದಾಂಶ ಒಂದು: ಅಂಗೀಕಾರ ಪೂರ್ಣಗೊಂಡದ್ದು ಯಾವಾಗ? ಎರಡು: ಹಿಂತೆಗೆತ ಸಕಾಲದಲ್ಲಿ ಆಗಿದೆಯೇ? ಮೂರು: ಅರುಣನಿಗೆ ಕರಾರು ಮಾಡುವ ಅರ್ಹತೆ ಇದೆಯೇ? ಹೀಗೆ ಬಿಡಿಸಿಕೊಂಡಾಗ ಕಲಂ 4ರ ಸೂಕ್ಷ್ಮ ಸರಿಯಾಗಿ ಮೇಲೆ ಬರುತ್ತದೆ. ಒಪ್ಪಿಗೆಯ ಪತ್ರ ಅರುಣನ ಕೈಮೀರಿ ಅಂಚೆಗೆ ಸೇರಿದ ಕ್ಷಣವೇ ಶಂಕರನಿಗೆ ಅದು ಬಂಧನ. ಅರುಣನಿಗೆ ಮಾತ್ರ ಅದು ಬಂಧನವಾಗುವುದು ಬುಧವಾರ, ಶಂಕರನಿಗೆ ತಿಳಿದಾಗ. ಕಲಂ 5ರ ಪ್ರಕಾರ ಅಂಗೀಕಾರ ತನ್ನ ವಿರುದ್ಧ ಪೂರ್ಣಗೊಳ್ಳುವ ಮೊದಲೇ ಶಂಕರ ಹಿಂದೆ ಸರಿಯಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಅವಕಾಶ ಮುಗಿದಿತ್ತು. ಬಹಳಷ್ಟು ವಿದ್ಯಾರ್ಥಿಗಳು ಇಲ್ಲಿ 1818ರ ಆಡಮ್ಸ್ ವಿರುದ್ಧ ಲಿಂಡ್ಸೆಲ್ ಪ್ರಕರಣದ ಹೆಸರು ಹೇಳಿ ಮುಂದೆ ಹೋಗುತ್ತಾರೆ. ಆ ಇಂಗ್ಲಿಷ್ ನಿಯಮದಲ್ಲಿ ಅಂಚೆಗೆ ಹಾಕಿದೊಡನೆ ಇಬ್ಬರೂ ಬದ್ಧರು. ನಮ್ಮ ಕಾಯ್ದೆಯಲ್ಲಿ ಹಾಗಿಲ್ಲ, ಪತ್ರ ತಲುಪುವವರೆಗೂ ಒಪ್ಪಿದವನಿಗೆ ಬಿಡುಗಡೆಯ ಬಾಗಿಲು ತೆರೆದಿರುತ್ತದೆ. ‘ನಿಯಮ’ ಎಂದು ಪ್ರತ್ಯೇಕ ಭಾಗವಿದ್ದಾಗ ಈ ವ್ಯತ್ಯಾಸವನ್ನು ತಪ್ಪಿಸಿಕೊಳ್ಳುವುದು ಕಷ್ಟ. ಐರ್ಯಾಕಿನ ದೊಡ್ಡ ಬಲ ಇದು.

ಆದರೆ ಈ ಉತ್ತರದಲ್ಲಿ ವಿಮಲಾ ಎಲ್ಲಿ? ಕೊನೆಯ ಪ್ಯಾರಾದಲ್ಲಿ, ‘ವಿಮಲಾ ಸದ್ಭಾವನೆಯ ಖರೀದಿದಾರಳು’ ಎಂಬ ಬಾಲಂಗೋಚಿಯಾಗಿ. ವಿವಾದಾಂಶಗಳನ್ನು ಹುಡುಕುವವರ ಕಣ್ಣಿಗೆ ಪಠ್ಯದ ಅಧ್ಯಾಯಗಳು ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ. ಪ್ರಸ್ತಾವ, ಅಂಗೀಕಾರ, ಅರ್ಹತೆ ಎಂಬ ಅಧ್ಯಾಯಗಳು ಮುಗಿದವು, ಉತ್ತರವೂ ಮುಗಿಯಿತು.

ಮೂರನೆಯ ವಿಧಾನ ಆರಂಭವಾಗುವುದೇ ಮನುಷ್ಯರಿಂದ. ಅರುಣನಿಗೆ ಏನು ಬೇಕು? ಸ್ಕೂಟರ್ ಅಥವಾ ನಷ್ಟ ಪರಿಹಾರ. ಪರಿಹಾರ ಶಂಕರನಿಂದ, ಸ್ಕೂಟರ್ ಈಗಿರುವುದು ವಿಮಲಾಳ ಬಳಿ, ಹಾಗಾಗಿ ಅದನ್ನು ಕೇಳಬೇಕಿರುವುದು ಅವಳಿಂದ. ಈ ಎರಡನೆಯ ಸಾಲು ಬರೆದೊಡನೆ ‘ಸೋಮವಾರ ಸಂಜೆ ಸ್ಕೂಟರಿನ ಒಡೆಯ ಯಾರು’ ಎಂಬ ಪ್ರಶ್ನೆ ಏಳುತ್ತದೆ. ಅರುಣ ಪ್ರಾಪ್ತವಯಸ್ಕನಾಗಿದ್ದರೆ? 1930ರ ಸರಕು ಮಾರಾಟ ಕಾಯ್ದೆಯ ಕಲಂ 20ರ ಪ್ರಕಾರ, ಗುರುತಿಸಿದ, ಹಸ್ತಾಂತರಿಸಲು ಸಿದ್ಧವಿರುವ ವಸ್ತುವಿನ ಬೇಷರತ್ತು ಮಾರಾಟದಲ್ಲಿ ಒಡೆತನ ಕರಾರಾದಾಗಲೇ ವರ್ಗವಾಗುತ್ತದೆ. ಹಣ ಆಮೇಲೆ ಕೊಟ್ಟರೂ ಸರಿ. ಅಂದರೆ ಶಂಕರ ಸಂಜೆ ಮಾರಿದ್ದು ತನ್ನದಲ್ಲದ ಸ್ಕೂಟರನ್ನು ಎಂದು ವಾದಿಸಬಹುದು. ಆದರೂ ಮಾರಿದ ಮೇಲೂ ವಸ್ತುವನ್ನು ತನ್ನ ವಶದಲ್ಲೇ ಉಳಿಸಿಕೊಂಡ ಮಾರಾಟಗಾರನಿಂದ, ಹಿಂದಿನ ಮಾರಾಟ ತಿಳಿಯದೆ, ಸದ್ಭಾವನೆಯಿಂದ ಪಡೆದವರನ್ನು ಕಲಂ 30 ಕಾಪಾಡುತ್ತದೆ. ವಿಮಲಾ ನೆಮ್ಮದಿಯಾಗಿ ಸ್ಕೂಟರ್ ಓಡಿಸಬಹುದು. ಅರುಣ ಅಪ್ರಾಪ್ತ ಎಂಬ ಅಂಶವನ್ನು ಸೇರಿಸಿದರೆ ಒಡೆತನ ಶಂಕರನನ್ನು ಬಿಟ್ಟು ಕದಲಿಯೇ ಇಲ್ಲ. ಅರುಣನಿಗೆ ಇಬ್ಬರಿಂದಲೂ ಏನೂ ದಕ್ಕುವುದಿಲ್ಲ. ಈ ಇಡೀ ಚರ್ಚೆ ಐರ್ಯಾಕಿನ ಉತ್ತರದಲ್ಲಿ ಒಂದು ವಾಕ್ಯವಾಗಿ ಕುಗ್ಗಿತ್ತು.

ಡೊನಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣಕ್ಕೂ (1932) ಇದೇ ಪ್ರಶ್ನೆ ಹಾಕಿ ನೋಡಿ. ಪಾನೀಯ ಕೊಂಡದ್ದು ಗೆಳತಿ, ಕುಡಿದು ಅಸ್ವಸ್ಥಳಾದದ್ದು ಡೊನಹ್ಯೂ. ಅಂಗಡಿಯವನೊಂದಿಗೆ ಅವಳಿಗೆ ಕರಾರಿಲ್ಲ. ಹಾಗಾದರೆ ಯಾರಿಂದ, ಯಾವ ಆಧಾರದ ಮೇಲೆ? ತಯಾರಕನಿಂದ, ನಿರ್ಲಕ್ಷ್ಯದ ಆಧಾರದ ಮೇಲೆ.

ಈ ವಿಧಾನಕ್ಕೆ ಸಮಯ ಹೆಚ್ಚು ಬೇಕು ಎಂಬುದು ನಿಜ. ಒಂದೇ ಕಲಮನ್ನು ಇಬ್ಬರ ಹೆಸರಿನಡಿ ಎರಡು ಸಲ ಬರೆಯುವ ಹಾಗಾಗುತ್ತದೆ. ಇಬ್ಬರೇ ಪಾತ್ರಧಾರಿಗಳಿದ್ದು ಒಂದೇ ವಿವಾದಾಂಶವಿರುವ ಸಣ್ಣ ಪ್ರಶ್ನೆಗೆ ಇಷ್ಟೆಲ್ಲ ಸಂಭ್ರಮ ಅನಗತ್ಯ, ಅಲ್ಲಿ ಐರ್ಯಾಕ್ ಸಾಕು. ಮೂರನೆಯ ವ್ಯಕ್ತಿ ಕಾಣಿಸಿಕೊಂಡರೆ ಮಾತ್ರ ನಾನು ಕರಡು ಪುಟದಲ್ಲಿ ಹೆಸರುಗಳನ್ನು ಬರೆದು ನಡುವೆ ಬಾಣಗಳನ್ನು ಎಳೆಯುತ್ತೇನೆ. ಪ್ರತಿ ಬಾಣದ ಒಳಗೆ ಬರೆಯುವುದು ಐರ್ಯಾಕ್ ಮಾದರಿಯಲ್ಲೇ.

ಪ್ರಬಂಧ ಪ್ರಶ್ನೆಗೆ ಈ ಮೂರೂ ಅಷ್ಟಾಗಿ ಒದಗುವುದಿಲ್ಲ. ಅಲ್ಲಿ ಪೈಪೋಟಿ ಕಾಲಾನುಕ್ರಮಕ್ಕೂ ವಾದಕ್ಕೂ. ‘ಮೂಲ ರಚನೆ ಸಿದ್ಧಾಂತವನ್ನು ವಿಮರ್ಶಿಸಿ’ (ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ಸಿದ್ಧಾಂತ) ಎಂದರೆ ಶಂಕರಿ ಪ್ರಸಾದ್ 1951, ಗೋಲಕ್‌ನಾಥ್ 1967, ಕೇಶವಾನಂದ ಭಾರತಿ 1973, ಮಿನರ್ವಾ ಮಿಲ್ಸ್ 1980 ಎಂದು ಸಾಲಾಗಿ ಬರೆದರೆ ವಿಮರ್ಶೆಯ ಸರದಿ ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಬದಲಿಗೆ ‘ಕೇಶವಾನಂದ ಭಾರತಿ ಪ್ರಕರಣದ ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು–ಆರರ ಅಂತರದಲ್ಲಿ ಹುಟ್ಟಿದ ಮಿತಿಯೊಂದು ಸಂಸತ್ತನ್ನು ಕಟ್ಟಿಹಾಕುವುದು ಸಮರ್ಥನೀಯವೇ’ ಎಂದು ಮೊದಲೇ ಕೇಳಿಕೊಂಡು, ಪ್ರಕರಣಗಳನ್ನು ಆ ವಾದದ ಪರ ಮತ್ತು ವಿರೋಧದ ಸಾಕ್ಷಿಗಳಾಗಿ ಕರೆಯುವುದು ಎಷ್ಟೋ ಮೇಲು. ಪ್ರಶ್ನೆಯಲ್ಲಿ ‘ಬೆಳವಣಿಗೆಯನ್ನು ಗುರುತಿಸಿ’ ಎಂದೇ ಕೇಳಿದ್ದರೆ ಮಾತ್ರ ಇಸವಿಗಳ ಸಾಲಿಗೆ ಮರಳಬೇಕು, ಆಗ ಅದೇ ಉತ್ತರ.