ನ್ಯಾನೋ ಶೀಟು ಕತ್ತರಿಸುವಲ್ಲಿ ಎಚ್-ಕ್ಲಾಸ್ ವ್ಯಾಕ್ಯೂಮ್: ಎರಡೂವರೆ ವರ್ಷದ ಬಳಕೆಯ ನಂತರ

ಪೀಣ್ಯದ ನಮ್ಮ ಸಣ್ಣ ವರ್ಕ್‌ಶಾಪಿಗೆ ಇಂಗಾಲದ ನ್ಯಾನೋ ಕೊಳವೆಗಳನ್ನು ಬೆರೆಸಿದ ಎಪಾಕ್ಸಿ (ಗಟ್ಟಿಯಾಗುವ ರಾಳ) ಶೀಟುಗಳನ್ನು, ಕಟರ್ ತಿರುಗಿಸಿ ಕೊರೆಯುವ ರೂಟರ್ ಯಂತ್ರದಲ್ಲಿ ಕತ್ತರಿಸಿ, ತೂತು ಹಾಕಿಕೊಡುವ ಕೆಲಸ ಬಂದಾಗ ಕೊಂಡ ಎಚ್-ಕ್ಲಾಸ್ (ಅತಿ ಅಪಾಯಕಾರಿ ಧೂಳಿಗೆಂದೇ ಇರುವ ದರ್ಜೆಯ) ವ್ಯಾಕ್ಯೂಮಿಗೆ ಈಗ ಎರಡೂವರೆ ವರ್ಷ. ಅಲ್ಲಿಯವರೆಗೆ ಉಳಿದ ಪುಡಿಯನ್ನೆಲ್ಲ ಕಂಪ್ರೆಸರ್ ಗಾಳಿಯಿಂದ ಊದಿಬಿಡುವುದೇ ನಮ್ಮ ರೂಢಿಯಾಗಿತ್ತು. ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಈ ಕೊಳವೆಗಳಿಗೆ, ಕೆಲಸದ ಜಾಗದ ಆರೋಗ್ಯ-ಸುರಕ್ಷತೆಯ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ ಕೇವಲ 1 ಮೈಕ್ರೋಗ್ರಾಂ ಎಂದು ಶೀಟು ಕೊಟ್ಟ ಗ್ರಾಹಕರು ತಿಳಿಸಿದ ಮೇಲೆ ನಮಗೆ ಎಚ್ಚರವಾಯಿತು.

ಹೀರುವುದರಲ್ಲಿ ದೂರಿಲ್ಲ. ಇಷ್ಟು ಸಣ್ಣ ಕಣ ಫಿಲ್ಟರಿನಲ್ಲಿ ನುಸುಳಿಹೋಗದೇ ಎಂದು ನಮ್ಮ ಆಪರೇಟರ್ ಕೇಳಿದ್ದರು. ಇದರಲ್ಲಿರುವುದು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್. ಅದಕ್ಕೆ ಹಿಡಿಯಲು ಹೆಚ್ಚು ಕಷ್ಟವಾಗುವುದು 0.3 ಮೈಕ್ರಾನಿನ ಆಸುಪಾಸಿನ ಕಣ; ಅದಕ್ಕಿಂತ ತೀರ ಸಣ್ಣವು ನೇರವಾಗಿ ಸಾಗದೆ ಅಡ್ಡಾದಿಡ್ಡಿ ಅಲೆದು ನಾರಿಗೆ ಅಂಟಿಕೊಳ್ಳುತ್ತವೆ. ಆದರೆ ಹೋಸಿನ ಬಾಯಿ ಕಟರಿನಿಂದ ಒಂದು ಗೇಣು ದೂರವಾದರೂ ಧೂಳು ತಪ್ಪಿಸಿಕೊಳ್ಳುತ್ತದೆ. ಸುತ್ತ ಬ್ರಷ್ ಕಟ್ಟಿದ ಹುಡ್ ಮಾಡಿಸಿ, ಕಟರನ್ನು ತಿರುಗಿಸುವ ಸ್ಪಿಂಡಲ್ಲಿಗೇ ಕೂರಿಸಿದ ಮೇಲೆ ಮೇಜಿನ ಮೇಲೆ ಕರಿ ಪುಡಿ ಬೀಳುವುದು ಬಹುಪಾಲು ನಿಂತಿತು. ಇಂಗಾಲದ ಧೂಳಿನಲ್ಲಿ ವಿದ್ಯುತ್ ಹರಿಯುವುದರಿಂದ ಅದು ಒಳಗೆ ಕೂತರೆ ಶಾರ್ಟ್ ಆಗಬಹುದಾದ ಪ್ಯಾನಲ್ ಬೋರ್ಡಿಗೂ ಇದರಿಂದ ಉಪಕಾರವಾಯಿತು.

ಹದಿನಾಲ್ಕನೆಯ ತಿಂಗಳಲ್ಲಿ ಫಿಲ್ಟರ್ ಬಿಚ್ಚಿ, ಶುದ್ಧ ಗಾಳಿ ಹೊರಡುವ ಬದಿಯನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆಯ ಮೇಲೆ ಹೆಬ್ಬೆರಳಗಲದ ಕಪ್ಪು ಪಟ್ಟೆ ಮೂಡಿತು. ಫಿಲ್ಟರಿನ ಅಂಚಿನಲ್ಲಿ ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಅದನ್ನು ಕೂರಿಸಿದವನು ನಾನೇ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಯಂತ್ರದ ದೀಪ ಅಷ್ಟೂ ದಿನ ಹಸಿರಾಗಿಯೇ ಉರಿಯುತ್ತಿತ್ತು, ಏಕೆಂದರೆ ಅದು ಗಾಳಿಯ ಹರಿವು ಕುಗ್ಗಿದರೆ ಮಾತ್ರ ಕೆಂಪಾಗುತ್ತದೆ. ಸೋರುವ ಫಿಲ್ಟರಿನಲ್ಲಿ ಗಾಳಿ ಇನ್ನಷ್ಟು ಸಲೀಸಾಗಿ ಹರಿಯುತ್ತದೆ. ಮಾರಿದವರು ಬಿಡಿ ಗ್ಯಾಸ್ಕೆಟ್ ಕೊಡುವುದಿಲ್ಲವೆಂದರು, ಹೊಸ ಫಿಲ್ಟರ್ ಬರಲು ಏಳು ವಾರ ಹಿಡಿಯಿತು. ಆ ಏಳು ವಾರವೂ ಶೀಟುಗಳನ್ನು ನೀರು ಹರಿಸಿಯೇ ಕತ್ತರಿಸಿದೆವು. ಧೂಳೇನೋ ಏಳಲಿಲ್ಲ, ಆದರೆ ಕರಿ ಕೆಸರು ಒಣಗಿ ಮತ್ತೆ ಪುಡಿಯಾಗುವ ಮೊದಲೇ ಅದನ್ನು ಬಾಚಿ ತೆಗೆಯುವುದು ದಿನವೂ ತಾಪತ್ರಯವಾಯಿತು.

ಮತ್ತೆ ಕೊಳ್ಳಬೇಕಾದರೂ ಇದನ್ನೇ ಕೊಳ್ಳುತ್ತೇನೆ, ಜೊತೆಗೆ ಇನ್ನೊಂದು ಫಿಲ್ಟರನ್ನು ಮೊದಲ ದಿನವೇ ತರಿಸಿಡುತ್ತೇನೆ. ಧೂಳಿನ ಚೀಲವನ್ನು ಈಗ ಶಿಫ್ಟ್ ಮುಗಿದು ಉಳಿದವರು ಹೊರಟ ಮೇಲೆಯೇ ಬದಲಿಸುತ್ತೇವೆ: ಪಿ100 (ಅತಿ ಸಣ್ಣ ಕಣಗಳನ್ನೂ ತಡೆಯುವ ದರ್ಜೆಯ) ಮಾಸ್ಕ್ ತೊಟ್ಟ ಒಬ್ಬರು ಚೀಲದ ಬಾಯಿ ಮುಚ್ಚಿ, ಇನ್ನೊಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ಕಟ್ಟುತ್ತಾರೆ, ನಂತರ ಅದೇ ರೀತಿ ಒದ್ದೆಯಾದ ಬಿಳಿ ಬಟ್ಟೆಯಿಂದ ಗ್ಯಾಸ್ಕೆಟ್ಟಿನ ಸುತ್ತ ಒರೆಸಿ ನನಗೆ ತೋರಿಸುತ್ತಾರೆ.