ಲೋಕಾಪುರ ಕಡೆ ಕಲ್ಲು ತೋರಸೋ ಗೈಡ್, ಹೋಗಬಹುದು ನೋಡ್ರಿ
ಬಾದಾಮಿ ಗುಹಾ ಎಲ್ಲಾರೂ ನೋಡ್ತಾರ, ಬಾಗಲಕೋಟಿ ಜಿಲ್ಲಾದಾಗ ಅದಕ್ಕಿಂತ ಹಳೇದು ಬೇಕಂದ್ರ ಈ ಗೈಡ್ ಹಿಡೀರಿ. ಕಲಾದಗಿ ಸುಣ್ಣಗಲ್ಲಿನಾಗಿನ ಸ್ಟ್ರೊಮ್ಯಾಟೊಲೈಟ್, ಅಂದ್ರ ಸೂಕ್ಷ್ಮಜೀವಿ ಕಟ್ಟಿದ ಕಲ್ಲು, ತೋರಸ್ತಾನ, ಉಳ್ಳಾಗಡ್ಡಿ ಹೆಚ್ಚಿಟ್ಟಂಗ ಪದರ ಪದರ, ವಯಸ್ಸು 100 ಕೋಟಿ ವರ್ಷಕ್ಕೂ ಜಾಸ್ತಿ! ಆವಾಗ ಇಲ್ಲಿ ಆಳ ಇಲ್ಲದ ಸಮುದ್ರ, ತಳದಾಗ ಸೈಯನೊಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿ ಅಂಟಂಟಾಗಿ ಹಬ್ಬಿ, ಮ್ಯಾಲ ಬಿದ್ದ ಕೆಸರು ಹಿಡಕೊಂಡು, ಮತ್ತ ಬೆಳಕಿಗಂತ ಮ್ಯಾಲ ಬೆಳದು ಬೆಳದು ಈ ಗುಮ್ಮಟ ಕಟ್ಯಾವ, ಜೊತಿಗೆ ಆಕ್ಸಿಜನ್ನೂ ಬಿಟ್ಟಾವ, ಮೀನಿನ ಸುಳಿವೇ ಇರದ ಕಾಲ ಅದು. ಜೀವಂತ ಇರೋ ಸ್ಟ್ರೊಮ್ಯಾಟೊಲೈಟ್ ನೋಡಾಕ ಆಸ್ಟ್ರೇಲಿಯಾದ ಶಾರ್ಕ್ ಬೇ ಅಂಥಾ ಕಡೆ ಹೋಗಬೇಕಂತ, ರೊಕ್ಕ ಯಾರ ಕೊಡ್ತಾರ. ಹುಡುಗ ಚಲೋ ಹೇಳ್ತಾನ, ಕಲ್ಲು ಒಡಿಯಾಕ ಸುತ್ತಿಗಿ ತಂದವ್ರಿಗೆ ಬೈತಾನ, ಅದು ಸರಿನ. ಆದ್ರ ಮಟಮಟ ಮಧ್ಯಾಹ್ನದಾಗ ಕರಕೊಂಡ ಹೋದ್ರ ಹೆಂಗಪಾ, ನೆರಳಿಲ್ಲ ನೀರಿಲ್ಲ. 4 ಸ್ಟಾರ್.